ಶಿಳ್ಳೆಗೆ ತೆರೆದ ಬೀಗ

ನಾವು ಚಿಕ್ಕವರಾಗಿದ್ದಾಗ ನಮ್ಮ ಊರಿನ ಬಜಾರಿನಲ್ಲಿ ಟೆಲಿಫೋನ್ ಇದ್ದ ಅಂಗಡಿಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಒಂದು ತಂಬಾಕಿನ ಮಂಡಿ. ಗಾದಿಯ ಪಕ್ಕದಲ್ಲಿ ಕಪ್ಪು ಬಣ್ಣದ ಭಾರವಾದ ಫೋನು. ಅದರ ಡಯಲಿನ ತೂತಿಗೆ ಸಿಕ್ಕಿಸಿದ ಹಿತ್ತಾಳೆಯ ಪುಟ್ಟ ಬೀಗ. ಬೀಗದ ಕೈ ಸದಾ ಮಾಲೀಕರ ಜೇಬಿನಲ್ಲಿ. ಬಂದ ಕರೆಯನ್ನು ಯಾರು ಬೇಕಾದರೂ ಎತ್ತಿಕೊಳ್ಳಬಹುದಿತ್ತು. ಆದರೆ ಇಲ್ಲಿಂದ ಕರೆ ಮಾಡಬೇಕಾದರೆ ಮಾಲೀಕರೇ ಬಂದು ಬೀಗ ತೆಗೆಯಬೇಕು.

ಆ ಮಂಡಿಯಲ್ಲಿ ಕಸ ಗುಡಿಸಿ, ಚಹಾ ತಂದುಕೊಡುವ ಹುಡುಗನೊಬ್ಬನಿದ್ದ. ನಮ್ಮ ವಾರಿಗೆಯವನು. ಡಯಲ್ ತಿರುಗಿಸದೆಯೇ ಫೋನ್ ಮಾಡುವ ವಿದ್ಯೆ ಅವನಿಗೆ ಹೇಗೋ ಒಲಿದಿತ್ತು. ರಿಸೀವರ್ ಇಡುವ ಜಾಗದ ಗುಂಡಿಯನ್ನು ಬೆರಳಿನಿಂದ ಟಕಟಕನೆ ಒತ್ತುತ್ತಿದ್ದ. ಮೂರಕ್ಕೆ ಮೂರು ಸಲ, ಏಳಕ್ಕೆ ಏಳು ಸಲ, ಸೊನ್ನೆಗೆ ಹತ್ತು ಸಲ. ನಡುನಡುವೆ ಉಸಿರು ಬಿಡುವಷ್ಟು ಹೊತ್ತು ಸುಮ್ಮನಿರುತ್ತಿದ್ದ. ಆಮೇಲೆ ಅತ್ತ ಕಡೆ ಗಂಟೆ ಬಾರಿಸುತ್ತಿತ್ತು! ಅವನ ತಾಯಿ ಊರಿನ ಇನ್ನೊಂದು ತುದಿಯ ಡಾಕ್ಟರೊಬ್ಬರ ಮನೆಯಲ್ಲಿ ಅಡುಗೆಗಿದ್ದರು. ಆಕೆಯೇ ಫೋನ್ ಎತ್ತಿದರೆ ಎರಡು ಮಾತು. ಬೇರೆ ಯಾರಾದರೂ ಎತ್ತಿದರೆ ಸದ್ದಿಲ್ಲದೆ ಇಟ್ಟುಬಿಡುತ್ತಿದ್ದ.

ಇದರಲ್ಲಿ ಮಾಟ ಮಂತ್ರವೇನೂ ಇರಲಿಲ್ಲ. ಆ ಕಾಲದ ಡಯಲ್ ತಿರುಗಿ ಹಿಂದಕ್ಕೆ ಬರುವಾಗ ತಂತಿಯಲ್ಲಿ ಹರಿಯುವ ವಿದ್ಯುತ್ತನ್ನು ಅಂಕಿಯಷ್ಟು ಸಲ ತುಂಡರಿಸುತ್ತಿತ್ತು. ಗುಂಡಿ ಒತ್ತಿದರೂ ಅದೇ ಆಗುತ್ತದೆ. ತುಂಡರಿಸಿದ್ದು ಡಯಲೋ ಬೆರಳೋ ಎಂಬುದು ಎಕ್ಸ್‌ಚೇಂಜಿಗೆ ತಿಳಿಯುವುದಿಲ್ಲ. ಬೀಗ ಇದ್ದದ್ದು ಡಯಲಿಗೆ, ತಂತಿಗಲ್ಲ. ಇಷ್ಟು ಸಣ್ಣ ಸಂಗತಿ ಮಂಡಿಯ ಮಾಲೀಕರಿಗೆ ತಿಳಿದಿರಲಿಲ್ಲ. ಒಂಬತ್ತು ವರ್ಷದ ಹುಡುಗನಿಗೆ ತಿಳಿದಿತ್ತು.

ಬಹಳ ವರ್ಷಗಳ ನಂತರ ಟೆಲಿಫೋನಿನ ಇತಿಹಾಸವನ್ನು ಓದುವಾಗ ಇಂಥದೇ ಇನ್ನೊಬ್ಬ ಹುಡುಗ ನಮಗೆ ಸಿಕ್ಕಿದ. ಅವನ ಹೆಸರು ಜೋ ಎಂಗ್ರೆಸಿಯಾ. 1949ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಹುಟ್ಟಿದವನು. ಹುಟ್ಟುಕುರುಡ. ಐದರ ವಯಸ್ಸಿಗೇ ಅವನೂ ಗುಂಡಿ ಕುಟ್ಟಿ ಫೋನ್ ಮಾಡುವುದನ್ನು ಕಂಡುಕೊಂಡಿದ್ದ. ಏಳನೇ ವಯಸ್ಸಿನಲ್ಲಿ ಫೋನಿನಲ್ಲಿ ಬರುತ್ತಿದ್ದ ಧ್ವನಿಮುದ್ರಿತ ಸಂದೇಶವೊಂದನ್ನು ಕೇಳುತ್ತಾ ತನ್ನಷ್ಟಕ್ಕೆ ಶಿಳ್ಳೆ ಹಾಕಿದ. ಸಂದೇಶ ತಟ್ಟನೆ ನಿಂತುಹೋಯಿತು. ಮತ್ತೆ ಫೋನ್ ಮಾಡಿ ಅದೇ ಸ್ವರದಲ್ಲಿ ಶಿಳ್ಳೆ ಹಾಕಿದ. ಮತ್ತೆ ನಿಂತಿತು. ಆ ಮಗು ಮಾಡಿದ ಮುಂದಿನ ಕೆಲಸವನ್ನು ಗಮನಿಸಬೇಕು. ಅವನು ಟೆಲಿಫೋನ್ ಕಂಪನಿಗೇ ಕರೆ ಮಾಡಿ, ಹೀಗೇಕೆ ಆಗುತ್ತದೆ ಎಂದು ಕೇಳಿದ.

ಇಂದು 'ಹ್ಯಾಕರ್' ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಬ್ಯಾಂಕಿನ ಖಾತೆಗೆ ಕನ್ನ ಹಾಕುವ ಮುಖವಿಲ್ಲದ ಕಳ್ಳ. ಆ ಚಿತ್ರ ಸುಳ್ಳೆಂದು ಹೇಳುವಂತಿಲ್ಲ. ಆದರೆ ಈ ಇತಿಹಾಸದ ಮೊದಲ ಪುಟಗಳಲ್ಲಿ ಇರುವುದು ಒಂದು ಕುರುಡು ಮಗುವಿನ ಪ್ರಶ್ನೆ. ಆ ಪ್ರಶ್ನೆ ಅಪರಾಧವಾಗಿ ಬೆಳೆದ ಬಗೆಯನ್ನು ಅರಿಯುವುದು ಇಂದು ಕೈಯಲ್ಲೊಂದು ಫೋನ್ ಹಿಡಿದಿರುವ ನಮ್ಮೆಲ್ಲರಿಗೂ ಅಗತ್ಯವೆನಿಸುತ್ತದೆ.

ಟೆಲಿಫೋನಿನ ಜೊತೆ ಮಕ್ಕಳ ಚೇಷ್ಟೆ ಟೆಲಿಫೋನಿನಷ್ಟೇ ಹಳೆಯದು. 1870ರ ದಶಕದ ಕೊನೆಯಲ್ಲಿ ಅಮೆರಿಕದ ಎಕ್ಸ್‌ಚೇಂಜ್‌ಗಳಲ್ಲಿ ತಂತಿ ಜೋಡಿಸುವ ಕೆಲಸಕ್ಕೆ ಹದಿಹರೆಯದ ಹುಡುಗರನ್ನು ಇಟ್ಟುಕೊಂಡಿದ್ದರು. ಅವರು ಗ್ರಾಹಕರಿಗೆ ಎದುರು ಮಾತನಾಡುವುದು, ತಂಟೆ ಮಾಡುವುದು ವಿಪರೀತವಾಯಿತು. 1878ರಲ್ಲಿ ಬೋಸ್ಟನ್ನಿನಲ್ಲಿ ಎಮ್ಮಾ ನಟ್ ಎಂಬ ಮಹಿಳೆ ಆ ಕೆಲಸಕ್ಕೆ ಸೇರಿದ ಮೇಲೆ ಹುಡುಗರ ಜಾಗಕ್ಕೆ ಹೆಂಗಸರು ಬಂದರು. ಮುಂದೆ ತಂತಿಯಿಲ್ಲದ ಕಾಲವೂ ಬಂತು. 1903ರ ಜೂನ್‌ನಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮಾರ್ಕೋನಿಯ ನಿಸ್ತಂತು ಯಂತ್ರದ ಪ್ರದರ್ಶನ ಏರ್ಪಾಡಾಗಿತ್ತು. ದೂರದ ಕಾರ್ನ್‌ವಾಲ್‌ನಿಂದ ಮಾರ್ಕೋನಿಯ ಸಂದೇಶ ಬರಬೇಕು. ತನ್ನ ಸಂದೇಶದ ನಡುವೆ ಬೇರೆಯವರು ಕೈಹಾಕಲಾರರು ಎಂಬುದು ಅವನ ಹೆಮ್ಮೆ. ಆದರೆ ಪ್ರದರ್ಶನ ಶುರುವಾಗುವ ಮೊದಲೇ ಯಂತ್ರ 'ಇಲಿಗಳು, ಇಲಿಗಳು' ಎಂದು ಮತ್ತೆ ಮತ್ತೆ ಬಡಿದುಕೊಂಡಿತು. ಆಮೇಲೆ ಮಾರ್ಕೋನಿಯನ್ನು ಗೇಲಿ ಮಾಡುವ ಪದ್ಯವೂ ಬಂತು. ಇದನ್ನು ಕಳಿಸಿದವನು ನೆವಿಲ್ ಮಾಸ್ಕೆಲೈನ್ ಎಂಬ ಜಾದೂಗಾರ. ನೀವು ಭದ್ರ ಎಂದದ್ದು ಭದ್ರವಲ್ಲ, ಜನರಿಗೆ ಅದು ತಿಳಿಯಲಿ ಎಂದು ಮಾಡಿದೆ ಎಂಬುದು ಅವನ ಸಮರ್ಥನೆ. ಹ್ಯಾಕರ್‌ಗಳು ಇಂದಿಗೂ ಕೊಡುವ ಸಮರ್ಥನೆ ಇದೇ.

ಜೋ ಎಂಗ್ರೆಸಿಯಾನ ಶಿಳ್ಳೆಗೆ ಹಿಂದಿರುಗೋಣ. ಆ ಕಾಲದಲ್ಲಿ ಅಮೆರಿಕದ ಹೆಚ್ಚಿನ ಟೆಲಿಫೋನ್ ವ್ಯವಸ್ಥೆ ಎಟಿ ಅಂಡ್ ಟಿ ಎಂಬ ಒಂದೇ ಕಂಪನಿಯ ಕೈಯಲ್ಲಿತ್ತು. ದೂರದೂರಿನ ಕರೆಗಳನ್ನು ಆಪರೇಟರ್ ನೆರವಿಲ್ಲದೆ ಯಂತ್ರವೇ ಜೋಡಿಸುವಂತೆ ಕಂಪನಿ ಏರ್ಪಾಡು ಮಾಡಿತು. ಎರಡು ಊರುಗಳ ಎಕ್ಸ್‌ಚೇಂಜ್‌ಗಳ ನಡುವೆ ಅನೇಕ ಹಾದಿಗಳು. ಯಾವ ಹಾದಿ ಖಾಲಿ ಇದೆಯೋ ಅದರಲ್ಲಿ ಸೆಕೆಂಡಿಗೆ 2600 ಸಲ ಕಂಪಿಸುವ ಒಂದು ಸ್ವರ ಸದಾ ಹರಿಯುತ್ತಿರುತ್ತದೆ. ಸ್ವರ ನಿಂತರೆ ಹಾದಿಯನ್ನು ಯಾರೋ ಹಿಡಿದಿದ್ದಾರೆ ಎಂದರ್ಥ. ಮತ್ತೆ ಸ್ವರ ಬಂದರೆ ಅವರು ಫೋನ್ ಇಟ್ಟರು ಎಂದರ್ಥ. ಇನ್ನು ನಂಬರು ಕಳಿಸುವುದಕ್ಕೆ ಆರು ಸ್ವರಗಳಿದ್ದವು: 700ರಿಂದ 1700ರವರೆಗೆ. ಎರಡೆರಡು ಸ್ವರ ಕೂಡಿದರೆ ಒಂದೊಂದು ಅಂಕಿ. 700 ಮತ್ತು 900 ಕೂಡಿದರೆ ಒಂದು. 700 ಮತ್ತು 1100 ಕೂಡಿದರೆ ಎರಡು.

ಈ ಜಾಣ ಏರ್ಪಾಡಿನಲ್ಲಿ ಒಂದು ದೊಡ್ಡ ತಪ್ಪಿತ್ತು. ಯಂತ್ರಕ್ಕೆ ಹೋಗುವ ಅಪ್ಪಣೆಯೂ ಮನುಷ್ಯರ ಮಾತೂ ಒಂದೇ ತಂತಿಯಲ್ಲಿ ಹೋಗುತ್ತಿದ್ದವು. ಮಾತನಾಡುವವನ ಬಾಯಿಂದಲೇ ಆ ಸ್ವರ ಹೊರಟರೆ? ಅದು ಮನುಷ್ಯನ ಶಿಳ್ಳೆ ಎಂದು ಯಂತ್ರಕ್ಕೆ ಗೊತ್ತಾಗುವುದಿಲ್ಲ. ಕರೆದವನು ಫೋನ್ ಇಟ್ಟ ಎಂದು ಅತ್ತಲಿನ ಎಕ್ಸ್‌ಚೇಂಜ್ ತಿಳಿಯುತ್ತದೆ. ಶಿಳ್ಳೆ ನಿಲ್ಲಿಸಿದರೆ ಹೊಸ ಕರೆಯ ನಂಬರಿಗಾಗಿ ಕಾಯುತ್ತದೆ. ಇತ್ತ ಸ್ವಂತ ಊರಿನ ಎಕ್ಸ್‌ಚೇಂಜ್ ಮಾತ್ರ ಮೊದಲಿನ ಕರೆಯೇ ನಡೆಯುತ್ತಿದೆ ಎಂದುಕೊಂಡಿರುತ್ತದೆ. ಆ ಮೊದಲ ಕರೆ ಬಿಟ್ಟಿ ನಂಬರಿನದ್ದಾಗಿದ್ದರೆ ಬಿಲ್ಲೇ ಇಲ್ಲ. ನಮ್ಮ ಮಂಡಿಯ ಬೀಗದ ಕತೆಯೇ ಇದು. ಊರಿನ ಬದಲು ಒಂದು ಖಂಡ, ಅಷ್ಟೇ.

ಇನ್ನೂ ಸೋಜಿಗದ ಸಂಗತಿಯೆಂದರೆ, ಈ ರಹಸ್ಯವನ್ನು ಯಾರೂ ಕದ್ದು ತರಬೇಕಾಗಿರಲಿಲ್ಲ. ಕಂಪನಿಯ ಇಂಜಿನಿಯರುಗಳೇ ತಮ್ಮ ತಾಂತ್ರಿಕ ಪತ್ರಿಕೆಯಲ್ಲಿ 1954ರ ನವೆಂಬರ್‌ನಲ್ಲಿ 2600ರ ಸ್ವರದ ಬಗೆಗೂ, 1960ರ ನವೆಂಬರ್‌ನಲ್ಲಿ ಉಳಿದ ಸ್ವರಗಳ ಬಗೆಗೂ ವಿವರವಾಗಿ ಬರೆದಿದ್ದರು. ಆ ಪತ್ರಿಕೆ ಇಂಜಿನಿಯರಿಂಗ್ ಕಾಲೇಜುಗಳ ಲೈಬ್ರರಿಗಳಲ್ಲಿ ಸಿಗುತ್ತಿತ್ತು. ವಾಷಿಂಗ್ಟನ್ ರಾಜ್ಯದ ಒಬ್ಬ ವಿದ್ಯಾರ್ಥಿ ಅದನ್ನು ಓದಿ, ಆ ಸ್ವರಗಳನ್ನು ಹೊರಡಿಸುವ ಒಂದು ಪೆಟ್ಟಿಗೆಯನ್ನು ಕಟ್ಟಿ 1961ರಲ್ಲಿ ಸಿಕ್ಕಿಬಿದ್ದ. ಮುಂದೆ ಇಂಥ ಪೆಟ್ಟಿಗೆಗಳಿಗೆಲ್ಲ 'ನೀಲಿ ಪೆಟ್ಟಿಗೆ' ಎಂಬ ಹೆಸರು ನಿಂತಿತು. ಜ್ಞಾನವನ್ನು ಲೈಬ್ರರಿಯಲ್ಲಿಟ್ಟು ಹುಡುಗರು ಓದಲಾರರು ಎಂದು ನಂಬಿದ ದೊಡ್ಡವರನ್ನು ಏನೆನ್ನಬೇಕು?

ಆದರೆ ಈ ಹಾದಿಯಲ್ಲಿ ಮುಂದಿದ್ದವರು ಲೈಬ್ರರಿ ಓದಬಲ್ಲವರಲ್ಲ, ಓದಲಾರದವರು. 1960ರ ದಶಕದಲ್ಲಿ ಅಮೆರಿಕದ ಬೇರೆ ಬೇರೆ ಊರುಗಳಲ್ಲಿ ಅನೇಕ ಅಂಧ ಮಕ್ಕಳು ಒಬ್ಬರಿಗೊಬ್ಬರು ತಿಳಿಯದಂತೆ ಇದೇ ವಿದ್ಯೆಯನ್ನು ಕಂಡುಕೊಂಡಿದ್ದರು. ಕಣ್ಣಿಲ್ಲದವರಿಗೆ ಕಿವಿಯೇ ಊರು, ಕಿವಿಯೇ ಬೀದಿ. ನಮಗೆಲ್ಲ ಫೋನಿನಲ್ಲಿ ಕೇಳುವ ಕ್ಲಿಕ್ಕು, ಗುಂಯ್‌ಗುಡುವಿಕೆ ಬರೀ ಗದ್ದಲ. ಆ ಮಕ್ಕಳಿಗೆ ಅದು ಈ ಕರೆ ಯಾವ ಎಕ್ಸ್‌ಚೇಂಜ್ ದಾಟಿ ಎಲ್ಲಿಗೆ ಹೊರಟಿದೆ ಎಂದು ಹೇಳುವ ಗುರುತು. ನಮ್ಮ ಮೊಹಲ್ಲಾದಲ್ಲಿ ಒಬ್ಬ ಅಂಧ ಹಾಫಿಜ್ ಸಾಹೇಬರಿದ್ದರು. ಚಪ್ಪಲಿಯ ಸದ್ದಿನಿಂದಲೇ ಬಂದವರು ಯಾರ ಮಗ ಎಂದು ಹೇಳುತ್ತಿದ್ದರು. ಜೋ ಬಗ್ಗೆ ಓದುವಾಗ ನಮಗೆ ಅವರ ನೆನಪಾಗುತ್ತದೆ.

ಅಂಧ ಮಕ್ಕಳ ಶಿಬಿರಗಳಲ್ಲಿ ಈ ವಿದ್ಯೆ ಬಾಯಿಂದ ಬಾಯಿಗೆ ಹರಡಿತು. ಕೆನಡಾದ ವ್ಯಾಂಕೂವರಿನಲ್ಲಿ ಮರೆತುಹೋದ ಒಂದು ಪರೀಕ್ಷಾ ನಂಬರು ಇವರಿಗೆ ಸಿಕ್ಕಿತು. ಅಲ್ಲಿಗೆ ಕರೆ ಮಾಡಿದವರೆಲ್ಲರೂ ಒಬ್ಬರ ಮಾತು ಒಬ್ಬರು ಕೇಳಬಹುದಿತ್ತು. ಸಾವಿರಾರು ಮೈಲಿಗಳ ಅಂತರದಲ್ಲಿದ್ದ ಈ ಮಕ್ಕಳು, ಯುವಕರು ರಾತ್ರಿಯೆಲ್ಲ ಅಲ್ಲಿ ಸೇರಿ ಹರಟುತ್ತಿದ್ದರು. ಊರಿಗೊಂದು ಅರಳಿಕಟ್ಟೆ ಇರುತ್ತದಲ್ಲ, ಹಾಗೆ. ಅವರು ಮಾತನಾಡುತ್ತಿದ್ದದ್ದು ಬಹುಪಾಲು ಫೋನಿನ ಬಗ್ಗೆಯೇ. ಜೋ 1968ರಲ್ಲಿ ದಕ್ಷಿಣ ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಸಹಪಾಠಿಗಳಿಗೆ ಶಿಳ್ಳೆ ಹಾಕಿ ದೂರದ ಕರೆಗಳನ್ನು ಜೋಡಿಸಿಕೊಡುತ್ತಿದ್ದ. ಕರೆಗೆ ಒಂದು ಡಾಲರ್. ಸಿಕ್ಕಿಬಿದ್ದಾಗ ವಿಶ್ವವಿದ್ಯಾಲಯ ಶಿಸ್ತುಕ್ರಮ ಕೈಗೊಂಡಿತು, ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಆ ಸುದ್ದಿ ಓದಿ, ಕೇಳಿ ತಮ್ಮಂತೆ ಇನ್ನೊಬ್ಬನಿದ್ದಾನೆ ಎಂದು ಅನೇಕರು ಅವನನ್ನು ಹುಡುಕಿಕೊಂಡು ಬಂದರು.

ಇದೆಲ್ಲ ಬರೀ ಮಕ್ಕಳಾಟ ಎಂದು ನಾವು ಹೇಳಿದರೆ ಅದು ಪ್ರಾಮಾಣಿಕ ಮಾತಾಗದು. ಬಿಲ್ಲು ಕೊಡದ ಕರೆ ಕಳ್ಳತನವೇ. ಜೂಜಿನ ದಂಧೆಯವರು ಪೊಲೀಸರ ಕಣ್ಣು ತಪ್ಪಿಸಲು ನೀಲಿ ಪೆಟ್ಟಿಗೆಯನ್ನು ಧಾರಾಳವಾಗಿ ಬಳಸಿದರು. ಜಾನ್ ಡ್ರೇಪರ್ ಎಂಬ ಮಾಜಿ ವಾಯುಪಡೆಯ ಯುವಕನಿಗೆ ಈ ವಿದ್ಯೆಯ ಪರಿಚಯ ಮಾಡಿಕೊಟ್ಟವರು ಅಂಧ ಹುಡುಗರು. 'ಕ್ಯಾಪ್ಟನ್ ಕ್ರಂಚ್' ಎಂಬ ಉಪಾಹಾರದ ಡಬ್ಬಿಯಲ್ಲಿ ಮಕ್ಕಳಿಗೆಂದು ಇಡುತ್ತಿದ್ದ ಪ್ಲಾಸ್ಟಿಕ್ ಪೀಪಿಯ ಒಂದು ತೂತು ಮುಚ್ಚಿದರೆ ಸರಿಯಾಗಿ 2600ರ ಸ್ವರ ಹೊರಡುತ್ತಿತ್ತು. ಡ್ರೇಪರ್‌ಗೆ ಆ ಡಬ್ಬಿಯ ಹೆಸರೇ ಅಂಟಿಕೊಂಡಿತು. 1972ರಲ್ಲಿ ಬಂಧನವಾಯಿತು, 1976ರಲ್ಲಿ ಜೈಲೂ ಆಯಿತು.

ಈಗ ನಾಣ್ಯದ ಇನ್ನೊಂದು ಮುಖವನ್ನು ನೋಡಬೇಕು. ಕಳ್ಳರನ್ನು ಹಿಡಿಯಲು ಕಂಪನಿ ಏನು ಮಾಡಿತು? ತಪ್ಪು ಇದ್ದದ್ದು ತಂತಿಯ ಏರ್ಪಾಡಿನಲ್ಲಿ. ಅದನ್ನು ಬದಲಿಸುವುದಕ್ಕೆ ಅಪಾರ ಹಣ ಬೇಕು. ಹಾಗಾಗಿ ಕಂಪನಿ ಗುಟ್ಟಾಗಿ ಕದ್ದು ಕೇಳುವ ಹಾದಿ ಹಿಡಿಯಿತು. 'ಗ್ರೀನ್‌ಸ್ಟಾರ್' ಎಂಬ ಹೆಸರಿನಲ್ಲಿ 1964ರಿಂದ 1970ರವರೆಗೆ ಕೆಲವು ನಗರಗಳಲ್ಲಿ ಯಂತ್ರಗಳನ್ನಿಟ್ಟು, ಸುಮಾರು 3 ಕೋಟಿ 30 ಲಕ್ಷ ಕರೆಗಳ ಮೇಲೆ ಕಣ್ಣಿಟ್ಟಿತು. ಅವುಗಳಲ್ಲಿ 15 ಲಕ್ಷದಷ್ಟು ಕರೆಗಳನ್ನು ಟೇಪಿನಲ್ಲಿ ಮುದ್ರಿಸಿಕೊಂಡಿತು. ಫೋನ್ ಹಿಡಿದು ಮಾತನಾಡಿದವರಿಗೆ ಇದರ ಸುಳಿವೇ ಇರಲಿಲ್ಲ. 1975ರಲ್ಲಿ ಸೇಂಟ್ ಲೂಯಿಸ್ ನಗರದ ಪತ್ರಿಕೆಯೊಂದು ಬಯಲು ಮಾಡಿದಾಗಲೇ ಜನರಿಗೆ ತಿಳಿದದ್ದು. ಇದಕ್ಕಾಗಿ ಕಂಪನಿಯ ಯಾವ ಅಧಿಕಾರಿಯೂ ಜೈಲಿಗೆ ಹೋಗಲಿಲ್ಲ.

ನಾವು ಉರ್ದು ಶಾಲೆಯಲ್ಲಿ ಕಲಿತ 'ಅಮಾನತ್' ಎಂಬ ಪದಕ್ಕೆ ನಂಬಿ ಒಪ್ಪಿಸಿದ ವಸ್ತು ಎಂದರ್ಥ. ನೆರೆಯವರು ಊರಿಗೆ ಹೋಗುವಾಗ ನಮ್ಮ ಮನೆಯಲ್ಲಿಟ್ಟು ಹೋದ ಒಡವೆಯ ಗಂಟು ಅಮಾನತ್. ಅದನ್ನು ಬಿಚ್ಚಿ ನೋಡಿದರೂ ದ್ರೋಹವೇ. ಅದೇ ಪದ ಕನ್ನಡದ ಕಚೇರಿಗಳಿಗೆ ಬಂದು, ತಪ್ಪು ಮಾಡಿದ ನೌಕರನನ್ನು 'ಅಮಾನತು' ಮಾಡುವ ಆದೇಶವಾಗಿದೆ. ಈ ಇತಿಹಾಸದಲ್ಲಿ ಎರಡೂ ಅರ್ಥಗಳಿಗೆ ಕೆಲಸವಿದೆ. ಜನರ ಮಾತು ಕಂಪನಿಯ ಬಳಿ ಇದ್ದ ಅಮಾನತ್. ಅದನ್ನು ಬಿಚ್ಚಿ ಕೇಳಿದವರಿಗೆ ಏನೂ ಆಗಲಿಲ್ಲ. ಜೋ ಮಾತ್ರ 1971ರಲ್ಲಿ ಮೆಂಫಿಸ್ ನಗರದಲ್ಲಿ ಬಂಧಿತನಾದ. ನ್ಯಾಯಾಲಯ ಅವನಿಗೆ ಕೊಟ್ಟ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಅವನಿಗೆ ಜೀವನದಲ್ಲಿ ಬೇಕಿದ್ದದ್ದು ಟೆಲಿಫೋನ್ ಕಂಪನಿಯಲ್ಲಿ ಒಂದು ಕೆಲಸ. ಆಮೇಲೆ ಟೆನೆಸಿಯ ಒಂದು ಸಣ್ಣ ಟೆಲಿಫೋನ್ ಕಂಪನಿ ಅವನಿಗೆ ಕೆಲಸ ಕೊಟ್ಟಿತು.

1971ರ ಅಕ್ಟೋಬರ್‌ನಲ್ಲಿ 'ಎಸ್ಕ್ವೈರ್' ಪತ್ರಿಕೆಯಲ್ಲಿ ರಾನ್ ರೋಸೆನ್‌ಬಾಮ್ ಎಂಬ ಲೇಖಕ ಈ ಗುಪ್ತಲೋಕದ ಬಗ್ಗೆ ದೀರ್ಘ ಲೇಖನ ಬರೆದ. ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಓದಿದ ಸ್ಟೀವ್ ವಾಜ್ನಿಯಾಕ್ ಎಂಬ ವಿದ್ಯಾರ್ಥಿ ಅರ್ಧದಲ್ಲೇ ತನ್ನ ಗೆಳೆಯ ಸ್ಟೀವ್ ಜಾಬ್ಸ್‌ಗೆ ಫೋನ್ ಮಾಡಿದ. ಇಬ್ಬರೂ ಲೈಬ್ರರಿಯಲ್ಲಿ ಹುಡುಕಿ ಸ್ವರಗಳ ಪಟ್ಟಿ ಹಿಡಿದರು. ವಾಜ್ನಿಯಾಕ್ ನೀಲಿ ಪೆಟ್ಟಿಗೆ ಕಟ್ಟಿದ. ಜಾಬ್ಸ್ ಅದನ್ನು ಮಾರಾಟದ ಸರಕಾಗಿ ಮಾಡಿದ. ಸುಮಾರು 150 ಡಾಲರಿಗೆ ಒಂದರಂತೆ ಹಾಸ್ಟೆಲುಗಳಲ್ಲಿ ಮಾರಿದರು. ವಾಜ್ನಿಯಾಕ್ ಒಮ್ಮೆ ತಾನು ಹೆನ್ರಿ ಕಿಸಿಂಜರ್ ಎಂದು ಹೇಳಿಕೊಂಡು ಪೋಪರೊಂದಿಗೆ ಮಾತನಾಡಬೇಕೆಂದು ವ್ಯಾಟಿಕನ್‌ಗೆ ಫೋನ್ ಮಾಡಿದ್ದುಂಟು. ಇವರಿಬ್ಬರೂ 1976ರಲ್ಲಿ ಆಪಲ್ ಕಂಪನಿಯನ್ನು ಶುರು ಮಾಡಿದವರಲ್ಲಿ ಸೇರಿದರು. ನೀಲಿ ಪೆಟ್ಟಿಗೆ ಇರದಿದ್ದರೆ ಆಪಲ್ ಇರುತ್ತಿರಲಿಲ್ಲ ಎಂದು ಜಾಬ್ಸ್ ಮುಂದೆ ಹೇಳಿಕೊಂಡರು. ಒಂದೇ ವಿದ್ಯೆ, ಅದು ಕೆಲವರ ಪಾಲಿಗೆ ಯೌವನದ ತುಂಟಾಟ, ಯಶಸ್ಸಿನ ಮೊದಲ ಮೆಟ್ಟಿಲು. ಇನ್ನು ಕೆಲವರ ಪಾಲಿಗೆ ಪೊಲೀಸ್ ದಾಖಲೆ. ಸಿಕ್ಕಿಬೀಳುವುದು ಯಾರು, ಪಾರಾಗುವುದು ಯಾರು ಎಂಬುದನ್ನು ನಿರ್ಧರಿಸುವುದು ಅಪರಾಧದ ತೂಕವೊಂದೇ ಅಲ್ಲ.

'ಹ್ಯಾಕ್' ಎಂಬ ಪದ ಬಂದದ್ದು ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯ ಆಟಿಕೆ ರೈಲಿನ ಕ್ಲಬ್ಬಿನ ಹುಡುಗರ ಬಾಯಿಂದ. ಜಾಣತನದಿಂದ ಮಾಡಿದ ಕೈಚಳಕ ಎಂಬುದು ಅವರು ಕೊಟ್ಟ ಅರ್ಥ. ಆದರೆ 1963ರ ನವೆಂಬರ್‌ನಷ್ಟು ಹಿಂದೆಯೇ ಅದೇ ಸಂಸ್ಥೆಯ ವಿದ್ಯಾರ್ಥಿ ಪತ್ರಿಕೆ ಫೋನ್ ವ್ಯವಸ್ಥೆಯನ್ನು ಕೆಡಿಸುವವರನ್ನು 'ಹ್ಯಾಕರ್‌ಗಳು' ಎಂದು ಕರೆದಿತ್ತು. ಕಂಪ್ಯೂಟರುಗಳು ಫೋನಿನ ತಂತಿಯ ಮೂಲಕ ಒಂದಕ್ಕೊಂದು ಮಾತನಾಡತೊಡಗಿದ ಮೇಲೆ ತಂತಿಯ ಹುಡುಗರು ಕಂಪ್ಯೂಟರಿನ ಬಾಗಿಲಿಗೆ ಬಂದದ್ದು ಸಹಜ. 1983ರಲ್ಲಿ ಮಿಲ್ವಾಕಿಯ ಕೆಲವು ಹುಡುಗರು ಲಾಸ್ ಅಲಾಮೋಸ್ ಅಣು ಪ್ರಯೋಗಾಲಯದ ಮತ್ತು ನ್ಯೂಯಾರ್ಕಿನ ಒಂದು ಕ್ಯಾನ್ಸರ್ ಆಸ್ಪತ್ರೆಯ ಕಂಪ್ಯೂಟರ್‌ಗಳನ್ನು ಹೊಕ್ಕರು. ತಮ್ಮ ಊರಿನ ಫೋನ್ ಕೋಡನ್ನೇ ಹೆಸರು ಮಾಡಿಕೊಂಡು '414' ಎಂದು ಕರೆದುಕೊಳ್ಳುತ್ತಿದ್ದರು. ಅಮೆರಿಕ ಬೆಚ್ಚಿತು. 1986ರಲ್ಲಿ ಕಂಪ್ಯೂಟರ್ ವಂಚನೆಯ ವಿರುದ್ಧ ಕಠಿಣ ಕಾಯ್ದೆ ಬಂತು.

ಅದೇ 1986ರಲ್ಲಿ ನಮ್ಮ ಉಪಖಂಡವೂ ಈ ಇತಿಹಾಸದೊಳಗೆ ಕಾಲಿಟ್ಟಿತು. ಲಾಹೋರಿನ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಅಣ್ಣತಮ್ಮಂದಿರು ವೈದ್ಯರಿಗಾಗಿ ಒಂದು ಸಾಫ್ಟ್‌ವೇರ್ ಬರೆದಿದ್ದರು. ಅದನ್ನು ಜನ ಕದ್ದು ನಕಲು ಮಾಡುವುದನ್ನು ತಡೆಯಲು ಇನ್ನೊಂದು ಪ್ರೋಗ್ರಾಂ ಬರೆದರು. ಅದು ಫ್ಲಾಪಿಯಿಂದ ಫ್ಲಾಪಿಗೆ ಅಂಟುತ್ತಾ ಲೋಕದ ತುಂಬ ಹರಡಿತು. ಐಬಿಎಂ ಮಾದರಿಯ ಕಂಪ್ಯೂಟರ್‌ಗಳಿಗೆ ತಗುಲಿದ ಮೊದಲ ವೈರಸ್ ಎಂದು ಹೆಸರಾದ 'ಬ್ರೈನ್' ಇದೇ. ಇದರ ಒಳಗೆ ಅವರು ತಮ್ಮ ಹೆಸರು, ಅಂಗಡಿಯ ವಿಳಾಸ ಮತ್ತು ಫೋನ್ ನಂಬರನ್ನು ಬರೆದಿಟ್ಟಿದ್ದರು! ದೂರದ ದೇಶಗಳಿಂದ ಲಾಹೋರಿನ ಆ ಅಂಗಡಿಗೆ ಕರೆಗಳು ಬರತೊಡಗಿದವು. ಕೇಡು ಮಾಡುವವನು ತನ್ನ ವಿಳಾಸ ಬರೆಯುವುದಿಲ್ಲ. ಆದರೆ ಒಮ್ಮೆ ಬಿಟ್ಟದ್ದು ಎಲ್ಲಿಯವರೆಗೆ ಹೋಗುತ್ತದೆ ಎಂಬುದು ಬಿಟ್ಟವರ ಕೈಯಲ್ಲಿರುವುದಿಲ್ಲ. ಎರಡು ವರ್ಷದ ನಂತರ, 1988ರ ನವೆಂಬರ್ 2ರಂದು, ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಬಿಟ್ಟ ಪ್ರೋಗ್ರಾಂ ಇಂಟರ್‌ನೆಟ್ಟಿನ ಸಾವಿರಾರು ಕಂಪ್ಯೂಟರ್‌ಗಳನ್ನು ಕೆಡವಿದಾಗ ಲೋಕಕ್ಕೆ ಇದು ಚೆನ್ನಾಗಿ ಮನದಟ್ಟಾಯಿತು.

ಆ 1988 ಕರ್ನಾಟಕದವರಾದ ನಾವೂ ಮರೆಯಬಾರದ ವರ್ಷ. ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟದ್ದು ಫೋನ್ ಕದ್ದಾಲಿಕೆಯ ಆರೋಪದ ಹಿನ್ನೆಲೆಯಲ್ಲಿ. ಇದಕ್ಕೆ ಶಿಳ್ಳೆಯ ಹುಡುಗರೂ ಬೇಕಿರಲಿಲ್ಲ, ನೀಲಿ ಪೆಟ್ಟಿಗೆಯೂ ಬೇಕಿರಲಿಲ್ಲ. ಎಕ್ಸ್‌ಚೇಂಜಿನ ಬೀಗದ ಕೈ ಯಾರ ಬಳಿ ಇದೆಯೋ ಅವರು ಬಾಗಿಲು ಮುರಿಯಬೇಕಾಗಿಲ್ಲ. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಫೋನಿನಲ್ಲಿ ಆಡುವ ಮಾತು ಮನುಷ್ಯನ ಖಾಸಗಿ ಬದುಕಿನ ಭಾಗ, ಕಾನೂನಿನ ಕ್ರಮವಿಲ್ಲದೆ ಅದನ್ನು ಕೇಳುವುದು ಸಂವಿಧಾನದ 21ನೇ ವಿಧಿಗೆ ವಿರುದ್ಧ ಎಂದು ಹೇಳಿತು. ಕನ್ನಡಕ್ಕೆ ಇದನ್ನು ಯಾವ ಕೋರ್ಟೂ ಹೇಳಿಕೊಡಬೇಕಾಗಿರಲಿಲ್ಲ. 'ಕದ್ದಾಲಿಕೆ' ಎಂಬ ನಮ್ಮ ಪದದಲ್ಲೇ ಕಳವು ಇದೆ. ಕರೆಯ ದುಡ್ಡು ಕದ್ದವನನ್ನು ಕಳ್ಳನೆನ್ನುವ ನಾವು ಮಾತನ್ನೇ ಕದ್ದವರನ್ನು ಏನೆಂದು ಕರೆದಿದ್ದೇವೆ?

ಕಡೆಗೆ ಟೆಲಿಫೋನ್ ಕಂಪನಿ ಮೊದಲೇ ಮಾಡಬೇಕಿದ್ದ ಕೆಲಸವನ್ನು ಮಾಡಿತು. 1976ರಿಂದ ಯಂತ್ರದ ಅಪ್ಪಣೆಗೆ ಬೇರೆ ಹಾದಿ, ಮನುಷ್ಯರ ಮಾತಿಗೆ ಬೇರೆ ಹಾದಿ ಮಾಡತೊಡಗಿತು. ಶಿಳ್ಳೆಗೆ ತೆರೆಯುವ ಬೀಗಗಳು ಒಂದೊಂದಾಗಿ ಮಾಯವಾದವು. ಅಮೆರಿಕದಲ್ಲಿ ಉಳಿದಿದ್ದ ಕೊನೆಯ ಅಂಥ ತಂತಿ ಮಿನಸೋಟಾ ರಾಜ್ಯದ ವವೀನಾ ಎಂಬ ಹಳ್ಳಿಯದು. 2006ರ ಜೂನ್‌ನಲ್ಲಿ ಅದನ್ನೂ ತೆಗೆದರು.

ಜೋ ಅದೇ ಮಿನಸೋಟಾದ ಮಿನಿಯಾಪೊಲಿಸ್ ನಗರದಲ್ಲಿ ಬದುಕುತ್ತಿದ್ದ. ಆ ನಗರದ ಫೋನ್ ಕೋಡು 612 ಎಂಬ ಕಾರಣಕ್ಕೇ 1982ರ ಆರನೇ ತಿಂಗಳ 12ರಂದು ಅಲ್ಲಿಗೆ ಹೋಗಿ ನೆಲೆಸಿದವನು. ಬಾಲ್ಯದಲ್ಲಿ ಅಂಧರ ಶಾಲೆಯಲ್ಲಿ ತನ್ನ ಮೇಲೆ ದೌರ್ಜನ್ಯ ನಡೆದಿತ್ತು ಎಂದು ಮುಂದೆ ಅವನೇ ಹೇಳಿಕೊಂಡ. ಕಳೆದುಹೋದ ಆ ಬಾಲ್ಯವನ್ನು ಮತ್ತೆ ಬದುಕುತ್ತೇನೆ ಎಂದು ತನ್ನ ವಯಸ್ಸು ಇನ್ನು ಐದೇ ಎಂದು ಸಾರಿದ. 1991ರಲ್ಲಿ ಕಾನೂನಿನ ಪ್ರಕಾರ 'ಜಾಯ್‌ಬಬಲ್ಸ್' ಎಂದು ಹೆಸರನ್ನೂ ಬದಲಿಸಿಕೊಂಡ. ಫೋನಿನಲ್ಲಿ ಕರೆ ಮಾಡಿದವರಿಗೆ ಕತೆ ಹೇಳುತ್ತಿದ್ದ. ಸರಕಾರದ ಅಂಗವಿಕಲರ ಭತ್ಯೆಯ ಜೊತೆಗೆ ಸಣ್ಣಪುಟ್ಟ ಕೆಲಸ ಮಾಡಿಕೊಂಡಿದ್ದ. 2007ರ ಆಗಸ್ಟ್ 8ರಂದು ತೀರಿಕೊಂಡ. ಶಿಳ್ಳೆ ಕೇಳಿಸಿಕೊಳ್ಳುವ ಕೊನೆಯ ತಂತಿ ಹೋಗಿ ಒಂದು ವರ್ಷವಷ್ಟೇ ಆಗಿತ್ತು.

ಮಂಡಿಯ ಹುಡುಗನ ಕತೆಯನ್ನು ನಾವು ಅರ್ಧಕ್ಕೆ ಬಿಟ್ಟೆವು. ಒಂದು ತಿಂಗಳು ಬಿಲ್ಲು ಹೆಚ್ಚು ಬಂತು. ಮಾಲೀಕರು ಯಾರನ್ನು ಕೇಳಬೇಕೋ ಅವರನ್ನು ಕೇಳಿದರು. ಗುಂಡಿ ಕುಟ್ಟುವ ವಿದ್ಯೆಯ ಸುದ್ದಿಯನ್ನು ಅವರ ಕಿವಿಗೆ ಹಾಕಿದವರು ನಾವೇ. ಶಹಬ್ಬಾಸ್ ಎನ್ನಿಸಿಕೊಳ್ಳುವ ಆಸೆಯಿತ್ತೋ, ನಮಗೆ ಬಾರದ ವಿದ್ಯೆ ಅವನಿಗೆ ಬರುತ್ತದೆಂಬ ಹೊಟ್ಟೆಕಿಚ್ಚಿತ್ತೋ, ಈಗ ಬಿಡಿಸಿ ಹೇಳಲಾರೆವು. ಹುಡುಗನಿಗೆ ಏಟು ಬಿದ್ದವು; ಕೆಲಸ ಹೋಯಿತು. ಮುಂದಿನ ತಿಂಗಳೂ ಬಿಲ್ಲು ಅಷ್ಟೇ ಬಂತು ಎಂದು ಆಮೇಲೆ ಬಜಾರಿನಲ್ಲಿ ಆಡಿಕೊಂಡರು. ಆದರೆ ಅವನನ್ನು ಯಾರೂ ಹಿಂದಕ್ಕೆ ಕರೆಯಲಿಲ್ಲ. ಅವನು ತಾಯಿಯೊಂದಿಗೆ ಏನು ಮಾತನಾಡುತ್ತಿದ್ದ ಎಂದು ನಾವು ಒಂದು ಸಲವೂ ಕೇಳಿರಲಿಲ್ಲ.